ಗುರುತಿನ ಹಿಂದಿನ ಅರ್ಧ ನಿಮಿಷ

ಸೈಕಲ್ಲಿಗೆ ಒಂದು ಲಕ್ಷ ಎಂಬತ್ತೈದು ಸಾವಿರ. ಹೆಲ್ಮೆಟ್ಟಿಗೆ ಒಂಬತ್ತು ಸಾವಿರ. ಬೂಟಿಗೆ ಹನ್ನೊಂದು ಸಾವಿರ. ಹ್ಯಾಂಡಲ್ ಮೇಲೆ ಕೂರಿಸುವ, ಬೆಂಕಿಪೊಟ್ಟಣಕ್ಕಿಂತ ಚೂರು ದೊಡ್ಡದಾದ ಕ್ಯಾಮೆರಾಕ್ಕೆ ಮೂವತ್ತೆಂಟು ಸಾವಿರ.

ಸೈಕಲ್ ಪೊಲೀಸ್ ಠಾಣೆಯಲ್ಲಿತ್ತು. ಉಳಿದದ್ದೆಲ್ಲ ಮೇಜಿನ ಮೇಲಿತ್ತು. ಶಿವಕಾಂತಾ ಒಂದೊಂದನ್ನೇ ಎತ್ತಿ ಹಿಡಿಯುತ್ತಿದ್ದರು, ಸುಖೇಶ್ ತಟ್ಟನೆ ಬೆಲೆ ಹೇಳುತ್ತಿದ್ದ.

"ಈ ನೀರಿನ ಬಾಟ್ಲಿಗಿ?"

"ಎಂಟು ನೂರು."

"ಖಾಲಿ ಬಾಟ್ಲಿಗಿ ಎಂಟ್ನೂರ! ಇದರಾಗ ಹಾಕಿದ್ರ ನೀರು ಸಿಹಿ ಆಗ್ತಾವೇನ್ರಿ?"

ಸುಖೇಶನ ಬಿಗಿದ ಮುಖ ಸ್ವಲ್ಪ ಸಡಿಲವಾಯಿತು. "ನಾನೂ ಅಣ್ಣನ ಹತ್ರ ಇದನ್ನೇ ಕೇಳಿದ್ದೆ ಮೇಡಂ. ಬೈದು ಓಡಿಸಿದ."

ಬೆಲೆ ಶಿವಕಾಂತಾಗೆ ಬೇಕಿರಲಿಲ್ಲ. ವಿಮಾ ಕಂಪನಿಗಳ ಪರವಾಗಿ ಇಪ್ಪತ್ತೆರಡು ವರ್ಷ ಅಪಘಾತದ ಜಾಗಗಳನ್ನು ಸುತ್ತಿದವರು ಅವರು. ಓದಿದ್ದು ಏಳನೆಯ ತರಗತಿ. ಮನುಷ್ಯ ಏನನ್ನು ಮುಚ್ಚಿಟ್ಟರೂ ಬೂಟಿನ ಬೆಲೆಯನ್ನು ಮುಚ್ಚಿಡುವುದಿಲ್ಲ ಎಂಬುದನ್ನು ರಸ್ತೆಯಲ್ಲೇ ಕಲಿತಿದ್ದರು. ಮೊದಲು ಅಂಥ ನಾಲ್ಕು ಪ್ರಶ್ನೆ ಕೇಳಿದರೆ, ನಿಜ ಹೇಳುವಾಗ ಅವನ ಧ್ವನಿ ಹೇಗಿರುತ್ತದೆ ಎಂದು ಗೊತ್ತಾಗುತ್ತದೆ. ಆಮೇಲೆ ಆ ಧ್ವನಿ ಬದಲಾದರೆ ಕಿವಿಯೇ ಎಚ್ಚರಿಸುತ್ತದೆ.

ಹದಿನೆಂಟು ದಿನದ ಹಿಂದೆ ಸುಖೇಶನ ಅಣ್ಣ ನಿತಿನ ಬೋಪದೇವ ಘಾಟಿನ ತಿರುವಿನಲ್ಲಿ ಸೈಕಲ್ಲಿನಿಂದ ಬಿದ್ದು ಸತ್ತಿದ್ದ. ಎದುರಿಗೆ ಬಂದ ನೀರಿನ ಟ್ಯಾಂಕರಿನ ಚಾಲಕ ಜೈಭೀಮ ಅಂದಿನಿಂದ ಯೆರವಡಾ ಜೈಲಿನಲ್ಲಿದ್ದ. ನಾಳೆ ಹನ್ನೊಂದು ಗಂಟೆಗೆ ಅವನ ಜಾಮೀನಿನ ವಿಚಾರಣೆ.

ಆ ಜೈಭೀಮನ ತಾಯಿ, ಶಿವಕಾಂತಾರನ್ನು ಕರೆತಂದ ಅಂಬಾಬಾಯಿ ಈಗ ಬಾಗಿಲ ಪಕ್ಕದ ಸ್ಟೂಲಿನ ತುದಿಯಲ್ಲಿ ಕೂತಿದ್ದಳು. ಅವಳ ಮನೆಯ ಅಂಗಳದಲ್ಲಿ ನಿಂತರೆ ಜೈಲಿನ ಗೋಡೆ ಕಾಣುತ್ತದೆ. ಹದಿನೆಂಟು ದಿನದಿಂದ ಅವಳು ಆ ಕಡೆ ಬೆನ್ನು ಹಾಕಿ ಪಾತ್ರೆ ತೊಳೆಯುತ್ತಿದ್ದಳು.

ಬಿಬವೇವಾಡಿಯ ಆ ಹೋಟೆಲಿನ ಮಹಡಿಯಲ್ಲಿ ಮಧ್ಯಾಹ್ನದ ನಾಲ್ಕು ಗಂಟೆ. ಊಟದ ಗಿರಾಕಿಗಳು ಹೋಗಿದ್ದರು, ಸಂಜೆಯ ತಿಂಡಿಯವರು ಇನ್ನೂ ಬಂದಿರಲಿಲ್ಲ. ಕೆಳಗೆ ಗ್ರೈಂಡರ್ ತಿರುಗುವ ಸದ್ದು. ಕಿಟಕಿಯ ಬಳಿ ಹೋಟೆಲಿನ ಮಾಲೀಕ, ನಿತಿನ ಮತ್ತು ಸುಖೇಶರ ತಂದೆ ದೇವದಾಸರು ಕೈಕಟ್ಟಿ ಕೂತಿದ್ದರು. ಕುಂದಾಪುರದಿಂದ ಬಂದು ಮೂವತ್ತೈದು ವರ್ಷವಾದರೂ ಬಿಳಿ ಪಂಚೆ ಬಿಟ್ಟವರಲ್ಲ. ಅವರ ಹೆಂಡತಿ ಸ್ವರ್ಣಲತಾ ಎಲ್ಲರಿಗೂ ಚಹಾ ತಂದರು. ಮೊದಲ ಲೋಟವನ್ನು ಅಂಬಾಬಾಯಿಯ ಕೈಗೇ ಕೊಟ್ಟರು.

"ಕುಡೀರಿ. ಮಗ ಒಳಗೆ ಇದ್ದಾನೆ ಅಂತ ನೀವು ಹಸ್ಕೊಂಡು ಇರುದು ಬೇಡ."

ಅಂಬಾಬಾಯಿ ಲೋಟ ಹಿಡಿದಳು. ಕುಡಿಯಲಿಲ್ಲ. "ನನ್ನ ಮಗ ಹೆದರಿ ಓಡ್ಯಾನ್ರೀ ಅಕ್ಕಾ. ಗಾಡಿ ನಿಂದ್ರಸಲಾರದ್ದು ತಪ್ಪು, ಒಪ್ಕೋತೀನಿ. ಆದ್ರ ಹೊಡದಿಲ್ರಿ. ಅವ ನನ್ನ ಮುಂದ ಸುಳ್ಳು ಹೇಳಂಗಿಲ್ಲ."

"ಪೊಲೀಸರು ವಿಡಿಯೋ ನೋಡಿಯೇ ಹಿಡಿದದ್ದಲ್ವಾ?" ದೇವದಾಸರು ಕಿಟಕಿಯಾಚೆ ನೋಡುತ್ತಲೇ ಹೇಳಿದರು. "ಇನ್ನು ಕಾಣುದಕ್ಕೆ ಎಂತ ಉಂಟು ಅದ್ರಲ್ಲಿ?"

"ಸಾವಕಾರ್ರ, ಅವರು ನೋಡಿದ್ದು ಒಂದ ನಿಮಿಷ," ಎಂದರು ಶಿವಕಾಂತಾ. "ಇದರಾಗ ಇರೋದು ಎರಡ ತಾಸು."

ಕ್ಯಾಮೆರಾದಿಂದ ಉಗುರಿನಷ್ಟಿದ್ದ ಕಾರ್ಡನ್ನು ತೆಗೆದು, ತಮ್ಮ ಹಳೆಯ ಲ್ಯಾಪ್‌ಟಾಪಿಗೆ ಚುಚ್ಚಿದರು. ಪೊಲೀಸರು ಅಪಘಾತದ ತುಂಡನ್ನು ಮಾತ್ರ ಕತ್ತರಿಸಿ ಪೆನ್‌ಡ್ರೈವ್‌ಗೆ ಇಳಿಸಿಕೊಂಡು, ಮಗನ ವಸ್ತು ಬೇಕೆಂದು ಸ್ವರ್ಣಲತಾ ಅತ್ತಾಗ ಸಹಿ ಹಾಕಿಸಿಕೊಂಡು ಉಳಿದದ್ದನ್ನು ಕೊಟ್ಟುಬಿಟ್ಟಿದ್ದರು. ಚೀಲ ನಿನ್ನೆಯವರೆಗೂ ಕಪಾಟಿನಲ್ಲಿತ್ತು. ಯಾರೂ ಬಿಚ್ಚಿರಲಿಲ್ಲ.

"ಮೊದ್ಲ ಇದರ ನಕಲು ತಗೀತೀನ್ರಿ. ಆಮ್ಯಾಲ ನೋಡೋಣು." ಇದು ಶಿವಕಾಂತಾರ ಇಪ್ಪತ್ತೆರಡು ವರ್ಷದ ಪದ್ಧತಿ.

ಪರದೆಯ ಮೇಲೆ ನೀಲಿ ಪಟ್ಟಿ ಮೂಡಿತು. ಐವತ್ತು ನಿಮಿಷ ಬೇಕು ಎಂದು ತೋರಿಸಿತು. ಆ ಮುದಿ ಲ್ಯಾಪ್‌ಟಾಪಿಗೆ ನಕಲು ಮಾಡುವಾಗ ಬೇರೆ ಕೆಲಸ ಮಾಡುವ ಶಕ್ತಿ ಇರಲಿಲ್ಲ.

ಸ್ವರ್ಣಲತಾ ಎರಡು ನಿಮಿಷ ಆ ಪಟ್ಟಿಯನ್ನೇ ನೋಡಿದರು. ಮೂರನೆಯ ನಿಮಿಷಕ್ಕೆ ಅವರಿಂದ ಆಗಲಿಲ್ಲ.

"ಶಿವಕಾಂತಕ್ಕ, ಅವನ ಸ್ವರ ಕೇಳದೆ ಹದಿನೆಂಟು ದಿನ ಆಯ್ತು. ನಕಲು ಆಮೇಲೆ ಮಾಡಿ. ಒಮ್ಮೆ ಹಾಕಿ. ನಿಮಗೆ ಕೈ ಮುಗೀತೇನೆ."

ತಾಯಿ ಕೈ ಮುಗಿದರೆ ಪದ್ಧತಿ ಎಷ್ಟು ಹೊತ್ತು ನಿಲ್ಲುತ್ತದೆ? ಶಿವಕಾಂತಾ ನಕಲನ್ನು ರದ್ದುಮಾಡಿ ವಿಡಿಯೋ ತೆರೆದರು.

ಪರದೆಯಲ್ಲಿ ಸೈಕಲ್ಲಿನ ಹ್ಯಾಂಡಲ್, ಎರಡು ಬದಿಗೂ ನಿತಿನನ ಬೆರಳುಗಳು, ಮುಂದೆ ಬೆಳಗಿನ ಖಾಲಿ ರಸ್ತೆ. ಕೆಳಗಿನ ಗೆರೆಯ ಮೇಲೆ ಅಲ್ಲಲ್ಲಿ ಹಳದಿ ಚುಕ್ಕಿಗಳು. ಒಟ್ಟು ಏಳು.

"ಈ ಚುಕ್ಕಿ ಏನ್ರಿ?"

"ಕ್ಯಾಮೆರಾದ ಮೇಲೆ ಬಟನ್ ಉಂಟಲ್ವಾ, ಅದನ್ನು ಒತ್ತಿದ್ರೆ ಬೀಪ್ ಅಂತ ಒಂದು ಗುರುತು ಬೀಳ್ತದೆ," ಎಂದ ಸುಖೇಶ್. "ದಾರಿಯಲ್ಲಿ ಎಂತ ಚಂದ ಕಂಡ್ರೂ, ಎಂತ ವಿಚಿತ್ರ ಕಂಡ್ರೂ ಅಣ್ಣ ಒತ್ತುದು. ರಸ್ತೆ ಹೊಂಡ, ಸೈಕಲ್ ರಿಪೇರಿ, ಎಲ್ಲದಕ್ಕೂ. ಎರಡು ಗಂಟೆ ಸವಾರಿ ಪೂರಾ ಕಾಂಬುದಕ್ಕೆ ಯಾರಿಗೆ ಪುರ್ಸೊತ್ತು ಮೇಡಂ? ಗುರುತು ಮಾತ್ರ ಹುಡುಕಿ ಅಮ್ಮನಿಗೆ ತೋರಿಸ್ತಿದ್ದ."

ಶಿವಕಾಂತಾ ಮೊದಲ ಚುಕ್ಕಿಯ ಮೇಲೆ ಬೆರಳಿಟ್ಟರು. ವಿಡಿಯೋ ಅಲ್ಲಿಂದ ಓಡಿತು. ಮುಚ್ಚಿದ ಅಂಗಡಿ. ಗೋಡೆ. ಮತ್ತೊಂದು ಮುಚ್ಚಿದ ಅಂಗಡಿ. ಮೂವತ್ತು ಸೆಕೆಂಡು ಕಳೆಯಿತು. ನೋಡುವಂಥದ್ದು ಏನೂ ಇರಲಿಲ್ಲ.

"ಎಂಟ್ನೂರ ರೂಪಾಯಿ ಬಾಟ್ಲಿ ಇಟ್ಕೊಂಡ ಮನಷ್ಯಾ ಶಟರ್ ನೋಡಿ ಗುರುತು ಹಾಕ್ತಾನೇನ್ರಿ?" ಶಿವಕಾಂತಾ ತಮ್ಮಷ್ಟಕ್ಕೆ ಕೇಳಿಕೊಂಡರು. ಚುಕ್ಕಿಯನ್ನು ಬಿಟ್ಟು, ಗೆರೆಯನ್ನು ಹಿಂದಕ್ಕೆ ಸರಿಸಿದರು. ಅರ್ಧ ನಿಮಿಷ ಹಿಂದಕ್ಕೆ.

ಸೈಕಲ್ಲಿನ ಮುಂದೆ ಒಂದು ಸ್ಕೂಟರ್. ಹಿಂದಿನ ಸೀಟಿನಲ್ಲಿ, ಸವಾರನ ಹೆಗಲಿಗೆ ಎರಡು ಮುಂಗಾಲು ಹಾಕಿ, ಮನೆಯ ಹಿರಿಯನಂತೆ ಗಂಭೀರವಾಗಿ ಕೂತ ಒಂದು ಆಡು. ನಿತಿನ ಗಟ್ಟಿಯಾಗಿ ನಕ್ಕ ಸದ್ದು. "ಅಮ್ಮ ಇದನ್ನ ಕಾಣ್ಬೇಕು!" ಬೀಪ್.

ಸ್ವರ್ಣಲತಾ ಸೆರಗನ್ನು ಬಾಯಿಗೆ ಒತ್ತಿದರು. ಅಳುವೋ ನಗುವೋ ಅವರಿಗೇ ತಿಳಿಯಲಿಲ್ಲ.

ಶಿವಕಾಂತಾ ಮಾತ್ರ ಪರದೆಯಿಂದ ಹಿಂದೆ ಸರಿದು ಕೂತರು.

"ಎಲ್ಲಾರೂ ತಪ್ಪ ನೋಡ್ಯಾರ," ಎಂದರು. "ಪೊಲೀಸರೂ ತಪ್ಪ ನೋಡ್ಯಾರ. ಮೊದ್ಲ ಕಣ್ಣು ಕಾಣತದ, ಆಮ್ಯಾಲ ಬೆರಳು ಒತ್ತತದ. ಗುರುತು ಬೀಳೂದ್ರಾಗ ಆ ಸಂಗತಿ ಆಗಿ ಹೋಗಿರ್ತದ. ಚುಕ್ಕಿ ಮುಂದ ಏನೂ ಇಲ್ರಿ. ಎಲ್ಲಾ ಚುಕ್ಕಿ ಹಿಂದ ಅದ."

ಅಂಬಾಬಾಯಿ ಸ್ಟೂಲಿನಿಂದ ಎದ್ದು ಮೇಜಿನ ಬಳಿ ಬಂದಳು. ಚಹಾದ ಲೋಟ ಕೈಯಲ್ಲೇ ಇತ್ತು.

ಎರಡನೆಯ ಚುಕ್ಕಿಯ ಹಿಂದೆ ರಸ್ತೆಯ ನಡುವಿನ ಹೊಂಡ. ಮೂರನೆಯದು ಘಾಟಿಗೆ ಹೋಗುವ ದಾರಿಯ ಯೇವಲೇವಾಡಿ ದಾಟುವ ಮೊದಲು, ಆರೂ ಇಪ್ಪತ್ತಾರಕ್ಕೆ. ಶಿವಕಾಂತಾ ಹಿಂದಕ್ಕೆ ಸರಿಸಿದರು.

ಒಂದು ಓಣಿಯ ಬಾಯಿ. ಎತ್ತರದ ಕಬ್ಬಿಣದ ಗೇಟಿನ ಮನೆ. ಗೇಟಿನ ಎದುರು ನಿಂತ ನೀಲಿ ವ್ಯಾನ್. ಅದರ ಹಿಂಬದಿಯ ಬಾಗಿಲಲ್ಲಿ ದೊಡ್ಡ ಬಾಳೆ ಎಲೆಯ ಚಿತ್ರ, ಎಲೆಯ ಮೇಲೆ ಹೋಟೆಲಿನ ಫೋನ್ ನಂಬರು. ವ್ಯಾನಿನಲ್ಲಿ ಯಾರೂ ಇರಲಿಲ್ಲ. ನಿತಿನ ತಮಾಷೆಗೆಂಬಂತೆ ಎರಡು ಸಲ ಸೈಕಲ್ ಬೆಲ್ ಬಾರಿಸಿದ. ಮನೆಯ ಮೇಲಿನ ಕಿಟಕಿಯಲ್ಲಿ ಉರಿಯುತ್ತಿದ್ದ ದೀಪ ತಟ್ಟನೆ ಆರಿತು.

ಬೀಪ್.

ಕೆಳಗೆ ಗ್ರೈಂಡರ್ ನಿಂತಿತು.

"ಇದು ನಮ್ಮ ವ್ಯಾನ್ ಅಲ್ವಾ?" ಎಂದರು ಸ್ವರ್ಣಲತಾ. "ಆ ಹೊತ್ತಿಗೆ ಅದು ಮಾರ್ಕೆಟ್ ಯಾರ್ಡಲ್ಲಿ ಇರ್ಬೇಕಲ್ಲ?"

ಬಿಬವೇವಾಡಿಯಲ್ಲಿ ಗಡಿಯಾರ ಇಲ್ಲದವರೂ ಆ ವ್ಯಾನ್ ನೋಡಿ ಹೊತ್ತು ಹೇಳುತ್ತಿದ್ದರು. ಐದೂವರೆಗೆ ಹೊರಟು ಮಾರ್ಕೆಟ್ ಯಾರ್ಡಿಗೆ, ಎಂಟಕ್ಕೆ ತರಕಾರಿಯೊಂದಿಗೆ ವಾಪಸ್. ಮಾರ್ಕೆಟ್ ಯಾರ್ಡ್ ಒಂದು ದಿಕ್ಕು, ಯೇವಲೇವಾಡಿ ಇನ್ನೊಂದು ದಿಕ್ಕು.

ಶಿವಕಾಂತಾ ಸುಖೇಶನ ಕಡೆ ತಿರುಗಿದರು. "ಅವತ್ತ ವ್ಯಾನ್ ಯಾರ ಕೈಯಾಗಿತ್ತು?"

ಬೂಟಿನ ಬೆಲೆ ತಟ್ಟನೆ ಹೇಳಿದವನು ಈಗ ತಡವರಿಸಿದ. "ನನ್ನ... ನನ್ನ ಹತ್ರ."

"ಯಾಕ್ ಹೋಗಿದ್ರಿ ಅಲ್ಲಿಗಿ?"

"ಈರುಳ್ಳಿಯವರನ್ನ ಕಾಣುದಕ್ಕೆ."

"ಹೆಸರು?"

"ಹೆಸರು... ಹೊಸಬರು."

"ಎಷ್ಟಕ್ಕ ಮಾತಾಡಿದ್ರಿ? ಕಿಲೋಕ್ಕ?"

ಸುಖೇಶ್ ಖಾಲಿ ಬಾಟಲಿಯ ಮುಚ್ಚಳ ತಿರುಗಿಸತೊಡಗಿದ. ಹೋಟೆಲಿನವನಿಗೆ ಈರುಳ್ಳಿಯ ಬೆಲೆ ಗೊತ್ತಿಲ್ಲದೆ ಇರುವುದು ಸಾಧ್ಯವಿರಲಿಲ್ಲ. ಮಾಡದ ವ್ಯಾಪಾರದ ಬೆಲೆಯನ್ನು ಕಟ್ಟಿ ಹೇಳುವುದಕ್ಕೆ ಮಾತ್ರ ಅವನಿಗೆ ನಾಲಿಗೆ ಬರಲಿಲ್ಲ.

"ತಮ್ಮಾ," ಶಿವಕಾಂತಾರ ಧ್ವನಿ ಮೆತ್ತಗಾಯಿತು. "ಹಿಂಜವಾಡ್ಯಾಗಿನ ನಿಮ್ಮ ಇನ್ನೊಂದ ಹೋಟೆಲ್‌ದಾಗ ಕಂಪನಿ ಕ್ಯಾಬಿನ ಡ್ರೈವರ್‌ಗೋಳು ಆರಕ್ಕ ಇಡ್ಲಿ ತಿಂತಾರ. ಅವತ್ತ ಮನಿ ಮಂದಿ ಯಾರ್ಯಾರು ಎಲ್ಲಿದ್ರಂತ ನಿನ್ನೆ ನಾ ಮೂವರನ್ನ ಕೇಳೀನಿ. ಅವತ್ತ ಗಲ್ಲಾದ ಮ್ಯಾಲ ಕೂತು ಟೋಕನ್ ಕೊಟ್ಟಾವ ನೀನೇ. ಒಬ್ಬಾವ ಅಂತೂ, 'ಚಟ್ನಿ ನೀರಾಗ್ಯಾದ ಅಂದ್ರ ಜಗಳಕ್ಕ ಬಂದ್ರು' ಅಂದ. ಏಳೂವರೆ ತನಕ ನೀ ಅಲ್ಲಿಂದ ಎದ್ದಿಲ್ಲ."

ಸುಖೇಶ್ ಮೇಜಿನ ಅಂಚನ್ನು ಹಿಡಿದ.

"ಮಾಡಲಾರದ್ದನ್ನ ಯಾಕ ಮೈಮ್ಯಾಲ ಹಾಕ್ಕೋತಿ? ಯಾರನ್ನ ಉಳಸಾಕತ್ತಿ?"

"ಅವನಿಗೆ ಎಂತ ಗೊತ್ತು? ಹೆದರಿ ಬಾಯಿಗೆ ಬಂದದ್ದು ಹೇಳ್ತಾನೆ." ಕಿಟಕಿಯ ಬಳಿಯಿಂದ ದೇವದಾಸರು ಎದ್ದರು. "ನಾನು ಯಾರ್ಡಲ್ಲೇ ಇದ್ದೆ. ವ್ಯಾನ್ ಹೊರಗೆ ನಿಲ್ಲಿಸಿ ಒಳಗೆ ಹೋಗಿರ್ತೇನೆ. ಯಾರೋ ಹಮಾಲರು ತಕೊಂಡು ಹೋಗಿರ್ಬಹುದು. ಬೀಗ ಸರಿ ಇಲ್ಲ ಅದ್ರದ್ದು. ಸಾಕು, ಮುಚ್ಚಿ ಅದನ್ನ. ಇವಳಿಗೆ ರಕ್ತದೊತ್ತಡ ಉಂಟು."

"ನನಗೆ ಎಂತದೂ ಆಗುದಿಲ್ಲ," ಎಂದರು ಸ್ವರ್ಣಲತಾ. ಕಣ್ಣು ಪರದೆಯ ಮೇಲೇ ಇತ್ತು. "ಹಾಕಿ ಶಿವಕಾಂತಕ್ಕ."

ನಾಲ್ಕು, ಐದು. ಘಾಟಿನ ಮೇಲಿನ ಸೂರ್ಯ, ಚಹಾದ ಅಂಗಡಿಯ ನಾಯಿಮರಿ. ಆಮೇಲೆ ಇಳಿಜಾರು, ಆರನೆಯ ಚುಕ್ಕಿ. ಪೊಲೀಸರ ಚುಕ್ಕಿ.

ಅವರು ನೋಡಿದ್ದು ಹೀಗಿತ್ತು: ಗುರುತು ಬಿದ್ದ ಹನ್ನೊಂದು ಸೆಕೆಂಡಿಗೆ ತಿರುವು, ಟ್ಯಾಂಕರಿನ ಮುಖ, ತಲೆಕೆಳಗಾದ ಆಕಾಶ, ಕತ್ತಲೆ. ಟ್ಯಾಂಕರ್ ಮೈಮೇಲೆ ಬರುವುದನ್ನು ಕಂಡು ನಿತಿನ ಬಟನ್ ಒತ್ತಿದ ಎಂದು ಬರೆದಿದ್ದರು.

"ಎದುರಿಗಿ ಟ್ಯಾಂಕರ್ ಬಂದಾಗ ಯಾರರೆ ಬಟನ್ ಒತ್ತತಾರೇನ್ರಿ? ಎರಡೂ ಕೈ ಬ್ರೇಕಿಗಿ ಹೋಗ್ತಾವ." ಶಿವಕಾಂತಾ ಅರ್ಧ ನಿಮಿಷ ಹಿಂದಕ್ಕೆ ಹೋದರು.

ಇಳಿಜಾರಿನಲ್ಲಿ ಗಾಳಿಯ ಸದ್ದು. ನಿತಿನನ ಬೆರಳುಗಳು ಎರಡೂ ಬ್ರೇಕನ್ನು ಒತ್ತಿದವು. ಬಲಗಡೆಯದು ಗಟ್ಟಿಯಾಗಿ ನಿಂತಿತು. ಎಡಗಡೆಯದು ಜೀವವಿಲ್ಲದಂತೆ ಹ್ಯಾಂಡಲ್ಲಿಗೆ ತಾಗಿಬಿಟ್ಟಿತು. ಮತ್ತೆ ಒತ್ತಿದ. ಮತ್ತೆ ಹಾಗೇ. "ಅರೆ, ಹಿಂದಿನ ಬ್ರೇಕ್ ಹೋಯ್ತಲ್ಲ," ಎಂದು ಗೊಣಗಿದ. ವೇಗ ಇಳಿಸಿದ. ಮೆಕ್ಯಾನಿಕ್ಕಿಗೆ ತೋರಿಸಲು ಬೆರಳು ಚಾಚಿದ. ಬೀಪ್.

ತಿರುವು ಬಂತು. ಒಂದೇ ಬ್ರೇಕು, ರಸ್ತೆಯಂಚಿನ ಸಡಿಲ ಜಲ್ಲಿ. ಶಿವಕಾಂತಾ ಅಲ್ಲಿ ಚಿತ್ರವನ್ನು ನಿಲ್ಲಿಸಿ ಬೆರಳು ತೋರಿಸಿದರು. ಟ್ಯಾಂಕರಿನ ಚಕ್ರ ನಡುಗೆರೆಯಿಂದ ಒಂದು ಮಾರು ಆಚೆಗಿತ್ತು. ತನ್ನ ಬದಿಯಲ್ಲೇ ಇತ್ತು.

"ತಾಗಿಲ್ಲ," ಎಂದರು. "ಮುಂದಿನ ಚಕ್ರ ಜಾರಿ ಬಿದ್ದಾನ. ನಿನ್ನ ಮಗ ಸುಳ್ಳು ಹೇಳಿಲ್ಲ ಯವ್ವಾ."

ಅಂಬಾಬಾಯಿಯ ಕೈಯಿಂದ ಲೋಟ ಜಾರಿತು. ಚಹಾ ನೆಲದ ಮೇಲೆ ಹರಿಯಿತು. ಅವಳು ಅದನ್ನು ಸೀರೆಯ ಸೆರಗಿನಿಂದಲೇ ಒರೆಸತೊಡಗಿದಳು, ಒರೆಸುತ್ತ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. "ನಾಳೆ ಇದನ್ನ ಕೋರ್ಟಿನ್ಯಾಗ ತೋರಸ್ರೀ ಅಕ್ಕಾ. ಇಷ್ಟ ಸಾಕ್ರಿ. ಇಷ್ಟ ಸಾಕು."

"ಸರಿ, ಆಯ್ತಲ್ಲ," ಎಂದರು ದೇವದಾಸರು. "ಅವಳ ಮಗ ಬಿಡುಗಡೆ ಆಗಿ ಬರ್ಲಿ. ನಮ್ಮದೇನೂ ತಕರಾರಿಲ್ಲ. ಇನ್ನು ಮುಚ್ಚಿ."

"ಇನ್ನೊಂದ ಗುರುತು ಅದ ಸಾವಕಾರ್ರ."

ಹೌದು. ಏಳನೆಯ ಚುಕ್ಕಿ, ನಿತಿನ ನೆಲಕ್ಕೆ ಬಿದ್ದ ಮೇಲಿನದು. ಆರು ನಿಮಿಷದ ನಂತರ.

ಸುಖೇಶ್ ಅದನ್ನು ಆಗಲೇ ಲೆಕ್ಕಹಾಕಿದ್ದ. "ಬಿದ್ದ ಮೇಲೆ ಒತ್ತಿದ್ದು ಯಾರು?"

ಪೊಲೀಸರು ಈ ಚುಕ್ಕಿಯನ್ನೂ ಒತ್ತಿ ನೋಡಿರಬೇಕು. ಅಲ್ಲಿಂದ ಮುಂದೆ ಇದ್ದದ್ದು ಕತ್ತಲೆ ಮತ್ತು ಗಾಳಿ. ಲೆನ್ಸ್ ಮಣ್ಣಿಗೆ ಮುಖ ಮಾಡಿ ಬಿದ್ದಿತ್ತು. ಇಪ್ಪತ್ತಾರು ನಿಮಿಷ ಬರೀ ಹಕ್ಕಿಯ ಕೂಗು, ಆಮೇಲೆ ಹಾಲಿನವನ ಗಾಬರಿಯ ಬೊಬ್ಬೆ. ಮಣ್ಣಿನಲ್ಲಿ ಬಿದ್ದಿದ್ದಾಗ ಬಟನ್ ತಾನಾಗಿ ಒತ್ತಿಹೋಗಿದೆ ಎಂದುಕೊಂಡು ಬಿಟ್ಟಿರುತ್ತಾರೆ.

ಶಿವಕಾಂತಾ ಎಲ್ಲರ ಮುಖವನ್ನೂ ಒಮ್ಮೆ ನೋಡಿದರು. ಈ ಸಲ ಒಂದು ನಿಮಿಷ ಹಿಂದಕ್ಕೆ ಹೋದರು.

ಕಪ್ಪು ಪರದೆ. ಯಾರೋ ಕಷ್ಟಪಟ್ಟು ಉಸಿರಾಡುವ ಸದ್ದು. ಗಾಡಿಯೊಂದು ನಿಂತಿತು. ಬಾಗಿಲು ತೆರೆಯಿತು. ಜಲ್ಲಿಯ ಮೇಲೆ ಚಪ್ಪಲಿಯ ಹೆಜ್ಜೆ, ನಿಧಾನದ ಹೆಜ್ಜೆ, ಹತ್ತಿರ ಬಂತು.

"ಅಪ್ಪಾ..." ನಿತಿನನ ಧ್ವನಿ. "ಬಂದ್ರಾ... ಕಾಲು ಎತ್ತುಕೆ ಆತಿಲ್ಲೆ. ಟ್ಯಾಂಕರಿನವ್ರದ್ದು ತಪ್ಪಿಲ್ಲ ಅಪ್ಪಾ... ಬ್ರೇಕ್ ಹೋಯ್ತು."

ಗಾಳಿ.

ಆಮೇಲೆ ಇನ್ನೊಂದು ಧ್ವನಿ. ಆ ಕೋಣೆಯಲ್ಲಿದ್ದವರಿಗೆ ಅದು ಯಾರದೆಂದು ಯಾರೂ ಹೇಳಬೇಕಿರಲಿಲ್ಲ. ಅದೇ ಧ್ವನಿ ಈಗಷ್ಟೇ "ಇನ್ನು ಮುಚ್ಚಿ" ಎಂದಿತ್ತು.

"ಆ ಮನೆ ಎದುರು ವ್ಯಾನ್ ಕಂಡದ್ದು ಯಾರಿಗೆ ಹೇಳ್ದೆ?"

"ಯಾರಿಗೂ ಇಲ್ಲ... ಅಪ್ಪಾ, ಆಸ್ಪತ್ರೆಗೆ..."

ಉಸಿರು ಮಾತ್ರ.

"ಹಾಂಗಾರೆ ಹೇಳ್ಬೇಡ."

ಹೆಜ್ಜೆಗಳು ದೂರ ಹೋದವು. ಬಾಗಿಲು ಮುಚ್ಚಿತು. ಗಾಡಿ ಹೊರಟಿತು. ಅದರ ಸದ್ದು ಪೂರ್ತಿ ಕರಗುವ ಮೊದಲು ಮಣ್ಣಿನಲ್ಲಿ ಏನೋ ಕೆರೆದಂತೆ, ತಡಕಾಡಿದಂತೆ ಕೇಳಿಸಿತು. ಒಂದು ಬೆರಳು ತನಗೆ ರೂಢಿಯಾದ ಜಾಗವನ್ನು ಹುಡುಕುತ್ತಿತ್ತು.

ಬೀಪ್.

ಸ್ವರ್ಣಲತಾ ಗಂಡನ ಕಡೆ ತಿರುಗಲಿಲ್ಲ. ಕಪ್ಪು ಪರದೆಯನ್ನೇ ನೋಡುತ್ತಿದ್ದರು. ಬಿದ್ದ ತಕ್ಷಣ ಜೀವ ಹೋಯಿತು, ನೋವು ತಿನ್ನಲಿಲ್ಲ ಎಂದು ಹದಿನೆಂಟು ದಿನದಿಂದ ಆ ಮನೆಯಲ್ಲಿ ಎಲ್ಲರೂ ಹೇಳಿಕೊಂಡು ಸಮಾಧಾನಪಟ್ಟಿದ್ದರು. ಆಸ್ಪತ್ರೆಯವರು ಹಾಗೆ ಹೇಳಿರಲಿಲ್ಲ. ಹಾಗೆಂದು ಬಂದು ತಿಳಿಸಿದವರು ದೇವದಾಸರು.

ಸುಖೇಶ್ ಗೋಡೆಗೆ ಒರಗಿದ್ದ. "ವ್ಯಾನಿಗೆ ಘಾಟಿನ ಕೆಂಪು ಮಣ್ಣು ಹತ್ತಿತ್ತು," ಎಂದ, ಯಾರಿಗೂ ಅಲ್ಲ. "ನಾನೇ ತೊಳೆಸಿದ್ದೆ. ಅಪ್ಪ ಆ ಗೇಟಿನ ಮನೆಯ ಹೆಂಗ್ಸಿನ ಹತ್ರ ಹೋಗಿದ್ರು, ಅದನ್ನ ಮುಚ್ತಿದ್ದಾರೆ, ಅಷ್ಟೇ ಅಂದ್ಕೊಂಡಿದ್ದೆ... ಅಷ್ಟೇ ಅಂದ್ಕೊಂಡಿದ್ದೆ ಅಮ್ಮ."

ಶಿವಕಾಂತಾ ಅವನತ್ತ ನೋಡಿದ್ದು ಒಂದು ಕ್ಷಣ. ನಕಲು ನಿಲ್ಲಿಸಿದ್ದು ಮೊದಲನೆಯ ತಪ್ಪಾದರೆ, ಅವರು ಮಾಡಿದ ಎರಡನೆಯ ತಪ್ಪು ಅದು.

ಅರವತ್ತನಾಲ್ಕು ವರ್ಷದ ಮನುಷ್ಯ ಅಷ್ಟು ಬೇಗ ಮೇಜಿನ ಬಳಿ ಬರಬಲ್ಲರೆಂದು ಯಾರೂ ಎಣಿಸಿರಲಿಲ್ಲ. ದೇವದಾಸರ ಎರಡು ಬೆರಳು ಲ್ಯಾಪ್‌ಟಾಪಿನ ಬದಿಯಿಂದ ಕಾರ್ಡನ್ನು ಎಳೆದವು. ಶಿವಕಾಂತಾ ಮಣಿಕಟ್ಟು ಹಿಡಿಯುವಷ್ಟರಲ್ಲಿ ಅದು ದೇವದಾಸರ ಬಾಯಿಯಲ್ಲಿತ್ತು. ಅಡಕೆ ಕಡಿಯುವಂತೆ ದವಡೆಯಲ್ಲಿಟ್ಟು ಕಡಿದರು. ಒಂದು ಸಲ. ಎರಡು ಸಲ. ಟಕ್ಕೆಂದ ಸದ್ದು ಎಲ್ಲರಿಗೂ ಕೇಳಿಸಿತು. ಆಮೇಲೆ ಅಂಗೈಗೆ ಉಗಿದು, ಕಪ್ಪು ಚೂರುಗಳನ್ನು ಕಿಟಕಿಯಿಂದ ಕೆಳಗೆ, ಹಂಡೆ ತೊಳೆದ ನೀರು ಹರಿಯುವ ಗಟಾರಕ್ಕೆ ಎಸೆದರು. ಪಂಚೆಯ ತುದಿಯಲ್ಲಿ ತುಟಿ ಒರೆಸಿಕೊಂಡರು.

"ಎಂತ ವಿಡಿಯೋ?" ಎಂದರು.

ಪೊಲೀಸರ ಬಳಿ ಇದ್ದದ್ದು ಆರನೆಯ ಚುಕ್ಕಿಯಿಂದ ಮುಂದಿನ ಒಂದು ನಿಮಿಷ. ಅದರಲ್ಲಿ ಬ್ರೇಕೂ ಇರಲಿಲ್ಲ, ಮಾತೂ ಇರಲಿಲ್ಲ. ತಿರುವು ಮತ್ತು ಟ್ಯಾಂಕರ್ ಮಾತ್ರ ಇತ್ತು. ಟ್ಯಾಂಕರಿಗೆ ಬೆದರಿಯೇ ಬಿದ್ದ, ಬಿದ್ದ ಪೆಟ್ಟಿಗೇ ಸೈಕಲ್ಲಿನ ಬ್ರೇಕ್ ಮುರಿಯಿತು ಎಂದು ಅವರು ಸುಲಭವಾಗಿ ಹೇಳಬಹುದಿತ್ತು. ಇನ್ನು ಕಂಡದ್ದನ್ನೂ ಕೇಳಿದ್ದನ್ನೂ ಬಾಯಿಂದಲೇ ಹೇಳಬೇಕು. ಆರೋಪಿಯ ತಾಯಿಯ ಮಾತನ್ನು ನ್ಯಾಯಾಧೀಶರು ಕೇಳುತ್ತಾರೆ, ಬರೆದುಕೊಳ್ಳುವುದಿಲ್ಲ. ಅವಳು ಕರೆತಂದ ಹೆಂಗಸಿನ ಮಾತಿಗೂ ಅದೇ ಗತಿ. ವ್ಯಾನ್ ತೊಳೆಸಿದ ಸುಖೇಶ್ ಬಾಯಿ ಬಿಟ್ಟರೆ ತಾನೇ ಸಿಕ್ಕಿಬೀಳುತ್ತಾನೆ. ಸತ್ತವನ ಹೆತ್ತ ತಾಯಿ ನಿಂತು ಹೇಳಿದರೆ ಮಾತ್ರ ಯಾವ ನ್ಯಾಯಾಧೀಶರೂ ತಲೆಯೆತ್ತುತ್ತಾರೆ.

ಅಂಬಾಬಾಯಿಗೆ ಕಾನೂನು ಗೊತ್ತಿರಲಿಲ್ಲ. ಆದರೂ ಅವಳು ಸರಿಯಾದ ಜಾಗಕ್ಕೇ ಹೋದಳು. ನೆಲದ ಮೇಲೆ ತೆವಳಿಕೊಂಡೇ ಹೋಗಿ ಸ್ವರ್ಣಲತಾರ ಪಾದ ಹಿಡಿದಳು.

"ಅಕ್ಕಾ, ನೀವು ಕೇಳಿದ್ರಿಲ್ರೀ. ನಿಮ್ಮ ಮಗನ ಬಾಯಿಲೇನೇ ಬಂತಲ್ರಿ, ಟ್ಯಾಂಕರಿನವರದು ತಪ್ಪಿಲ್ಲ ಅಂತ. ನಾಳೆ ಬಂದು ಅಷ್ಟ ಹೇಳ್ರಿ. ನಿಮ್ಮ ಮನಿಯವರ ಸುದ್ದಿ ಎತ್ತಬ್ಯಾಡ್ರಿ. ಅಷ್ಟ ಒಂದ ಮಾತು ಹೇಳ್ರಿ. ನೀವೂ ಹಡದಾಕಿ ಇದ್ದೀರಿ."

ಸ್ವರ್ಣಲತಾ ಬಗ್ಗಿ ಅವಳ ಎರಡೂ ಕೈಗಳನ್ನು ಪಾದದಿಂದ ಬಿಡಿಸಿದರು. ಒರಟಾಗಿ ಅಲ್ಲ. ಗಂಡನನ್ನು ನೋಡಿದರು. ಆಮೇಲೆ ಗೋಡೆಗೆ ಒರಗಿದ್ದ ಸುಖೇಶನನ್ನು, ವ್ಯಾನ್ ತೊಳೆಸಿದ ಮಗನನ್ನು, ಬಹಳ ಹೊತ್ತು ನೋಡಿದರು. ಉಳಿದದ್ದು ಅವನೊಬ್ಬನೇ.

"ನನಗೆ ಎಂತದೂ ಕೇಳಿಸ್ಲಿಲ್ಲ," ಎಂದರು.

"ಅಮ್ಮಾ!" ಎಂದ ಸುಖೇಶ್.

"ಕೇಳಿಸ್ಲಿಲ್ಲ ಅಂದೆನಲ್ಲ. ಬರೀ ಗಾಳಿ." ಬಿದ್ದ ಲೋಟವನ್ನು ಎತ್ತಿಕೊಂಡು ಒಳಗೆ ಹೋದರು. ಬಾಗಿಲಿನ ಅಗಳಿ ಬಿತ್ತು.

ಆ ಮಧ್ಯಾಹ್ನ ಜೈಭೀಮ ಕಳೆದುಕೊಂಡದ್ದು ಎರಡು: ಅವನ ಪರವಾಗಿ ಇದ್ದ ಒಂದೇ ದಾಖಲೆ, ಮತ್ತು ಅದನ್ನು ಕೇಳಿದವರಲ್ಲಿ ನ್ಯಾಯಾಲಯ ನಂಬುವ ಒಬ್ಬಳೇ ಸಾಕ್ಷಿ. ವಿಚಾರಣೆಗೆ ಹದಿನೆಂಟು ಗಂಟೆ ಉಳಿದಿತ್ತು.